ಬಳ್ಳಾರಿ ಜಾಲಿಯ ಹೆಸರು ಬದಲಾಯಿತು, ಬನ್ನಿಯದು ಏಕೆ ಉಳಿಯಿತು?

ಪ್ರಶ್ನೆ: ಯಲಬುರ್ಗಾ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನವಳು, ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ಊರ ಸುತ್ತಲಿನ ಇಪ್ಪತ್ತೈದು ಗಿಡಮರಗಳ ಹರ್ಬೇರಿಯಂ ಹಾಳೆಗಳನ್ನು ತಯಾರಿಸಿ ಒಪ್ಪಿಸಬೇಕಾಗಿದೆ. ಒಣಗಿಸುವುದು, ಅಂಟಿಸುವುದು ಎಲ್ಲ ಮುಗಿದಿದೆ. ತೊಡಕಾಗಿರುವುದು ಹಾಳೆಯ ಕೆಳಗಿನ ಚೀಟಿಯಲ್ಲಿ ಬರೆಯಬೇಕಾದ ವೈಜ್ಞಾನಿಕ ಹೆಸರಿನ ವಿಷಯ.

ಗ್ರಂಥಾಲಯದಲ್ಲಿ ಸಿಕ್ಕ ಹಳೆಯ ಪುಸ್ತಕದಲ್ಲಿ ಬಳ್ಳಾರಿ ಜಾಲಿಗೆ ಪ್ರೊಸೋಪಿಸ್ ಜೂಲಿಫ್ಲೋರಾ ಎಂದೂ, ಬನ್ನಿಗೆ ಪ್ರೊಸೋಪಿಸ್ ಸಿನರೇರಿಯಾ ಎಂದೂ, ಕರಿಜಾಲಿಗೆ ಅಕೇಶಿಯಾ ನಿಲೋಟಿಕಾ ಎಂದೂ ಇದೆ. ಇದೇ ಮೂರನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ಜಾಲತಾಣದಲ್ಲಿ ಹುಡುಕಿದರೆ ಬಳ್ಳಾರಿ ಜಾಲಿ ನೆಲ್ಟೂಮಾ ಜೂಲಿಫ್ಲೋರಾ ಆಗಿದೆ, ಕರಿಜಾಲಿ ವ್ಯಾಚೆಲಿಯಾ ನಿಲೋಟಿಕಾ ಆಗಿದೆ, ಬನ್ನಿ ಮಾತ್ರ ಇದ್ದಲ್ಲಿಯೇ ಇದೆ. ನಮ್ಮ ಅಧ್ಯಾಪಕರನ್ನು ಕೇಳಿದಾಗ "ಪಠ್ಯದಲ್ಲಿ ಇರುವುದನ್ನೇ ಬರೆ, ಸುಮ್ಮನೆ ಅಂಕ ಕಳೆದುಕೊಳ್ಳಬೇಡ" ಎಂದರು.

ಜನರ ಬಾಯಲ್ಲಿ ಊರೂರಿಗೆ ಬದಲಾಗುವ ಹೆಸರುಗಳಿಂದ ಗೊಂದಲವಾಗುತ್ತದೆ, ಆದ್ದರಿಂದ ಜಗತ್ತಿಗೆಲ್ಲ ಒಂದೇ ಸ್ಥಿರವಾದ ಹೆಸರಿರಲೆಂದು ದ್ವಿನಾಮ ಪದ್ಧತಿ ಬಂದಿತು ಎಂದು ಮೊದಲ ವರ್ಷದ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದು ಬಂದವಳು ನಾನು. ಈ ಸಂಗತಿಯನ್ನು ಮನೆಯಲ್ಲಿ ಹೇಳಿದರೆ ನಮ್ಮ ಅಜ್ಜಿ, ತಾನು ಮದುವೆಯಾಗಿ ಬಂದ ದಿನದಿಂದಲೂ ಅದು ಬಳ್ಳಾರಿ ಜಾಲಿಯೇ ಆಗಿದೆ, ಬದಲಾದದ್ದು ನಿಮ್ಮ ಪುಸ್ತಕದವರ ಹೆಸರು ಮಾತ್ರ ಎಂದು ನಕ್ಕಳು. ನನಗೆ ಉತ್ತರ ಹೊಳೆಯಲಿಲ್ಲ. ಒಂದೇ ಕುಲದಲ್ಲಿದ್ದ ಎರಡು ಮರಗಳಲ್ಲಿ ಒಂದರ ಹೆಸರು ಮಾತ್ರ ಬದಲಾದದ್ದು ಏಕೆ, ಇದನ್ನು ತೀರ್ಮಾನಿಸುವವರು ಯಾರು, ನಾನೀಗ ಚೀಟಿಯಲ್ಲಿ ಯಾವುದನ್ನು ಬರೆಯಲಿ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಅಧ್ಯಾಪಕ, ಬಳ್ಳಾರಿ

ನಿಮ್ಮ ಅಜ್ಜಿಯವರ ಮಾತಿನಲ್ಲಿ ಹುರುಳಿದೆ ತಂಗಿ, ಆದರೆ ಅರ್ಧ ಮಾತ್ರ. ಹೆಸರಿಡುವುದು ಒಂದು ಕೆಲಸ, ವರ್ಗೀಕರಿಸುವುದು ಇನ್ನೊಂದು ಕೆಲಸ. ದ್ವಿನಾಮ ಪದ್ಧತಿಯ ಸೊಗಸು ಮತ್ತು ತೊಡಕು ಎರಡೂ ಹುಟ್ಟುವುದು ಅದು ಈ ಎರಡು ಕೆಲಸಗಳನ್ನು ಎರಡೇ ಪದಗಳಲ್ಲಿ ಒಟ್ಟಿಗೆ ಹೊತ್ತಿರುವುದರಿಂದ. ನಮ್ಮ ಭಾಗದಲ್ಲಿ ಮನುಷ್ಯನಿಗೆ ಇಟ್ಟ ಹೆಸರೊಂದು, ಮನೆತನದ ಅಡ್ಡಹೆಸರೊಂದು ಇರುತ್ತದೆಯಲ್ಲವೇ? ಗಿಡಕ್ಕೆ ಇಟ್ಟ ಹೆಸರು ಎರಡನೆಯ ಪದ. ಮೊದಲನೆಯ ಪದವಾದ ಕುಲದ ಹೆಸರು ಅದರ ಅಡ್ಡಹೆಸರು, ಎಂದರೆ ಅದರ ನಂಟರು ಯಾರು ಎಂಬ ಬಗ್ಗೆ ಇಂದು ನಮಗಿರುವ ತಿಳಿವಳಿಕೆ. ತಿಳಿವಳಿಕೆ ತಿದ್ದಿಕೊಂಡಾಗ ಅಡ್ಡಹೆಸರು ಬದಲಾಗುತ್ತದೆ. ಇಟ್ಟ ಹೆಸರು ಸಾಮಾನ್ಯವಾಗಿ ಗಿಡದೊಂದಿಗೆ ಹೊರಟುಬಿಡುತ್ತದೆ. ನೀವು ಕೊಟ್ಟ ಉದಾಹರಣೆಗಳಲ್ಲೇ ನೋಡಿ, ಜೂಲಿಫ್ಲೋರಾ ಜೂಲಿಫ್ಲೋರಾ ಆಗಿಯೇ ಉಳಿದಿದೆ, ನಿಲೋಟಿಕಾ ನಿಲೋಟಿಕಾ ಆಗಿಯೇ ಉಳಿದಿದೆ.

ಬಳ್ಳಾರಿ ಜಾಲಿ ನಮ್ಮ ಊರಿನ ಹೆಸರು ಹೊತ್ತಿದ್ದರೂ ನಮ್ಮ ನೆಲದ್ದಲ್ಲ. ಅಮೆರಿಕ ಖಂಡಗಳಿಂದ 19ನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದದ್ದು. ತುಂಗಭದ್ರೆಯ ಆಚೆಯ ತೆಲುಗರು ಇದನ್ನು ಸರ್ಕಾರ್ ತುಮ್ಮ ಎನ್ನುತ್ತಾರೆ, ತಮಿಳರು ಸೀಮೈ ಕರುವೇಲಂ ಎನ್ನುತ್ತಾರೆ. ಹೊರಗಿನಿಂದ ಬಂದದ್ದೆಂಬ ನೆನಪು ಆ ಹೆಸರುಗಳಲ್ಲಿ ಉಳಿದಿದೆ, ನಮ್ಮ ಹೆಸರಿನಲ್ಲಿ ಅಳಿಸಿಹೋಗಿದೆ. ಸ್ವೀಡನ್ನಿನ ಓಲೋಫ್ ಸ್ವಾರ್ಟ್ಸ್ ವೆಸ್ಟ್ ಇಂಡೀಸಿನ ಗಿಡಗಳನ್ನು ವಿವರಿಸುತ್ತ 1788ರಲ್ಲಿ ಇದಕ್ಕೆ ಮಿಮೋಸಾ ಜೂಲಿಫ್ಲೋರಾ ಎಂದು ಹೆಸರಿಟ್ಟರು. ಆಗ ಮಿಮೋಸಾ ಎಂಬುದು ಮುಳ್ಳಿನ ಮರಗಳನ್ನೆಲ್ಲ ತುಂಬಿಟ್ಟ ಗೋಣಿಚೀಲದಂತಿತ್ತು. 1825ರಲ್ಲಿ ಡಿ ಕಾಂಡೋಲ್ ಇದನ್ನು ಪ್ರೊಸೋಪಿಸ್ ಕುಲಕ್ಕೆ ಸೇರಿಸಿದರು. 1838ರಲ್ಲಿ ರಾಫಿನೆಸ್ಕ್ ಇದನ್ನು ಅಲ್ಲಿಂದ ಬೇರ್ಪಡಿಸಿ ನೆಲ್ಟೂಮಾ ಎಂಬ ಕುಲದಲ್ಲಿಟ್ಟರು. ಕಂಡಕಂಡದ್ದಕ್ಕೆಲ್ಲ ಹೊಸ ಹೆಸರಿಡುವವರೆಂದು ಅಪಖ್ಯಾತಿ ಪಡೆದಿದ್ದ ಅವರ ಮಾತನ್ನು ಯಾರೂ ಲಕ್ಷಿಸಲಿಲ್ಲ. ಹೀಗೆ, ನೀವು ಹೊಸದೆಂದು ತಿಳಿದಿರುವ ಹೆಸರಿಗೆ ಈಗ ಸುಮಾರು ನೂರ ಎಂಬತ್ತೈದು ವರ್ಷ ವಯಸ್ಸು.

ಅದು ಮರಳಿ ಬಂದದ್ದು ಹೀಗೆ. 1976ರಲ್ಲಿ ಅರ್ಜೆಂಟೀನಾದ ಬುರ್ಕಾರ್ಟ್ ಪ್ರೊಸೋಪಿಸ್ ಕುಲದ 44 ಪ್ರಭೇದಗಳನ್ನು ಐದು ವಿಭಾಗಗಳಾಗಿ ಹಂಚಿದ್ದರು. ಹಂಚುವಾಗ ಅವರು ಮುಖ್ಯವಾಗಿ ನೋಡಿದ್ದು ಮುಳ್ಳನ್ನು. ಕನ್ನಡದಲ್ಲಿ ಚುಚ್ಚುವುದೆಲ್ಲ ಮುಳ್ಳೇ, ಸಸ್ಯಶಾಸ್ತ್ರದಲ್ಲಿ ಹಾಗಲ್ಲ. ಬಳ್ಳಾರಿ ಜಾಲಿಯ ಮುಳ್ಳು ಎಲೆಯ ಕಂಕುಳಲ್ಲಿ, ರೆಂಬೆ ಹುಟ್ಟಬೇಕಾದ ಜಾಗದಲ್ಲಿ ಹುಟ್ಟುತ್ತದೆ, ಅದು ಮೊಟಕಾದ ರೆಂಬೆಯೇ. ಬನ್ನಿಯ ಮುಳ್ಳಾದರೋ ಎರಡು ಗೆಣ್ಣುಗಳ ನಡುವೆ ಎಲ್ಲೆಂದರಲ್ಲಿ ತೊಗಟೆಯ ಮೇಲೆ ಏಳುವ ಚೂಪುಗಂಟು. ಹುಟ್ಟುವ ಜಾಗವೂ ಬೇರೆ, ಹುಟ್ಟುವ ಬಗೆಯೂ ಬೇರೆ. ಡಿಎನ್ಎ ಪರೀಕ್ಷೆಗಳು ಬಂದ ಮೇಲೆ, ಇವು ಒಂದೇ ಬಸುರಿನ ಮಕ್ಕಳಲ್ಲ, ಬೇರೆ ಬೇರೆ ಬಳಿಯಿಂದ ಬಂದು ಒಂದೇ ಬಗೆಯ ಹೂತೆನೆಯ ಕಾರಣಕ್ಕೆ ಒಂದೇ ಮನೆಯಲ್ಲಿ ಕೂಡಿಸಲ್ಪಟ್ಟವು ಎಂಬುದು ಸ್ಪಷ್ಟವಾಯಿತು. 2022ರಲ್ಲಿ ಕುಲವನ್ನು ಒಡೆದರು. ಅಮೆರಿಕದ ಹೆಚ್ಚಿನ ಪ್ರಭೇದಗಳು ನೆಲ್ಟೂಮಾ ಆದವು, ಪ್ರೊಸೋಪಿಸ್ ಎಂಬ ಹೆಸರಿನಲ್ಲಿ ಬನ್ನಿಯೂ ಸೇರಿ ಮೂರೇ ಪ್ರಭೇದಗಳು ಉಳಿದವು.

ಮೂರು ಪ್ರಭೇದಗಳ ಚಿಕ್ಕ ಗುಂಪಿಗೆ ಹಳೆಯ ಹೆಸರು ಸಿಕ್ಕದ್ದು ಏಕೆ? ಪ್ರತಿ ಹೆಸರಿಗೂ ಒಂದು ಗೂಟವಿರುತ್ತದೆ, ಅದಕ್ಕೆ ಟೈಪ್ ಎನ್ನುತ್ತಾರೆ. ಪ್ರಭೇದದ ಹೆಸರು ಯಾವುದೋ ಹರ್ಬೇರಿಯಮ್ಮಿನಲ್ಲಿ ಇಟ್ಟಿರುವ ಒಂದು ಒಣಗಿದ ಮಾದರಿಗೆ ಕಟ್ಟಿರುತ್ತದೆ, ಕುಲದ ಹೆಸರು ಒಂದು ಪ್ರಭೇದಕ್ಕೆ ಕಟ್ಟಿರುತ್ತದೆ. ಕುಲವನ್ನು ಎಷ್ಟು ಭಾಗ ಮಾಡಿದರೂ ಗೂಟ ಯಾವ ಭಾಗದಲ್ಲಿ ಉಳಿಯಿತೋ ಹೆಸರು ಅಲ್ಲಿಯೇ ಉಳಿಯಬೇಕು. 1767ರಲ್ಲಿ, ದ್ವಿನಾಮ ಪದ್ಧತಿಯನ್ನು ಬಳಕೆಗೆ ತಂದ ಲಿನೇಯಸ್ ಪ್ರೊಸೋಪಿಸ್ ಕುಲವನ್ನು ಸ್ಥಾಪಿಸಿದ್ದು ಪ್ರೊಸೋಪಿಸ್ ಸ್ಪಿಸಿಜೆರಾ ಎಂಬ ಮರದ ಮೇಲೆ. ಅದು ನಮ್ಮ ಬನ್ನಿಯೇ. ಹಳೆಯ ಪುಸ್ತಕಗಳಲ್ಲಿ ಬನ್ನಿಗೆ ಆ ಹೆಸರೇ ಸಿಗುತ್ತದೆ. ಅದೇ ಮರಕ್ಕೆ ಸಿನರೇರಿಯಾ ಎಂಬ ಪದವನ್ನು ಲಿನೇಯಸ್ ಅವರೇ ಅದಕ್ಕೂ ಮೊದಲು ಕೊಟ್ಟಿದ್ದರೆಂದು ತಿಳಿದ ಮೇಲೆ ಮೊದಲು ಬಂದದ್ದಕ್ಕೆ ಮಾನ್ಯತೆ ಎಂಬ ನಿಯಮದಂತೆ ಸ್ಪಿಸಿಜೆರಾ ಬಿದ್ದುಹೋಯಿತು. ಆದರೆ ಗೂಟ ಅದೇ ಮರ. ಹೀಗಾಗಿ ಬನ್ನಿ ತನ್ನ ಮನೆಯಲ್ಲಿಯೇ ಉಳಿಯಿತು, ನೆಂಟರಾಗಿ ಬಂದವರು ಹೊರಟುಹೋದರು.

ಕರಿಜಾಲಿಯ ಕಥೆ ಇದಕ್ಕೆ ತೀರ ವಿರುದ್ಧ, ಮತ್ತು ನನ್ನ ದೃಷ್ಟಿಯಲ್ಲಿ ಸ್ವಲ್ಪ ಅನ್ಯಾಯದ್ದು. 1754ರಲ್ಲಿ ಫಿಲಿಪ್ ಮಿಲ್ಲರ್ ಸ್ಥಾಪಿಸಿದ ಅಕೇಶಿಯಾ ಕುಲದ ಗೂಟ ನಮ್ಮ ಜಾಲಿಯೇ ಆಗಿತ್ತು. ಆ ಪದವೂ ನೈಲ್ ನದಿಯ ಬದಿಯ ಮುಳ್ಳಿನ ಜಾಲಿಗೆ ಗ್ರೀಕರು ಇಟ್ಟದ್ದು. ಆ ಕುಲವನ್ನೂ ಒಡೆಯಬೇಕಾಗಿ ಬಂದಾಗ, ನಿಯಮದಂತೆ ಹೆಸರು ಜಾಲಿಯ ಪಾಲಿಗೆ ಬರಬೇಕಿತ್ತು. ಆದರೆ ಆಸ್ಟ್ರೇಲಿಯಾದಲ್ಲಿ ಅಕೇಶಿಯಾ ಎಂದು ಕರೆಯಲಾಗುತ್ತಿದ್ದ, ಬಹುಪಾಲು ಮುಳ್ಳಿಲ್ಲದ, ಸುಮಾರು 1,000 ಪ್ರಭೇದಗಳಿದ್ದವು, ಅವಕ್ಕೆಲ್ಲ ಹೊಸ ಹೆಸರಿಡಬೇಕಾಗುತ್ತಿತ್ತು. ಅಷ್ಟು ಗೊಂದಲ ಬೇಡವೆಂದು ಗೂಟವನ್ನೇ ಕಿತ್ತು ಆಸ್ಟ್ರೇಲಿಯಾದ ಒಂದು ಪ್ರಭೇದಕ್ಕೆ ನೆಡುವ ಸೂಚನೆ ಬಂದಿತು. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಇದರ ವಿರುದ್ಧ ಶೇ 54.9 ಮತ ಬಿದ್ದವು. ತಡೆಯಲು ಶೇ 60 ಬೇಕಿದ್ದುದರಿಂದ ಸೂಚನೆ ಉಳಿದುಕೊಂಡಿತು, 2011ರ ಮೆಲ್ಬರ್ನ್ ಸಮ್ಮೇಳನದಲ್ಲಿ ಗಟ್ಟಿಯಾಯಿತು. ನಮ್ಮ ಜಾಲಿ, ಬಿಳಿಜಾಲಿಗಳು ವ್ಯಾಚೆಲಿಯಾ ಆದವು, ಕಗ್ಗಲಿಯಂಥವು ಸೆನೆಗಾಲಿಯಾ ಆದವು. ರಸ್ತೆಯ ಬದಿಗೆ ನೆಟ್ಟಿರುವ, ನಮ್ಮ ಜನ ಅಕೇಶಿಯಾ ಎಂದೇ ಕರೆಯುವ ಆಸ್ಟ್ರೇಲಿಯಾದ ಮರ ಮಾತ್ರ ಅಕೇಶಿಯಾ ಆಗಿ ಉಳಿಯಿತು! ಇಲ್ಲಿಯೂ ಮುಳ್ಳನ್ನು ನೋಡಿ: ವ್ಯಾಚೆಲಿಯಾದ ಜೋಡಿ ಬಿಳಿ ಮುಳ್ಳುಗಳು ಎಲೆಯ ಬುಡದ ಸ್ಟಿಪ್ಯೂಲುಗಳು ಮಾರ್ಪಟ್ಟು ಆದವು, ಸೆನೆಗಾಲಿಯಾದವು ತೊಗಟೆಯ ಮೇಲಿನ ಕೊಕ್ಕೆಗಳು.

ವ್ಯಾಚೆಲಿಯಾ ಎಂಬುದು ಪರದೇಶಿ ಹೆಸರಿನಂತೆ ಕೇಳಿಸಿದರೂ ನಮಗೆ ಅಷ್ಟೇನೂ ದೂರದ್ದಲ್ಲ. ಮದ್ರಾಸಿನಲ್ಲಿ ಕಂಪನಿಯ ವೈದ್ಯರಾಗಿದ್ದ ರಾಬರ್ಟ್ ವೈಟ್ ಮತ್ತು ಅವರ ಜೊತೆಗಾರ ಆರ್ನಾಟ್ 1834ರಲ್ಲಿ ದಕ್ಷಿಣ ಭಾರತದ ಸಸ್ಯಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಅದನ್ನು ಸ್ಥಾಪಿಸಿದರು. ಬಳ್ಳಾರಿ ಆಗ ಮದ್ರಾಸಿನ ಆಡಳಿತದಲ್ಲಿಯೇ ಇತ್ತು.

ಉತ್ತರ: ಸಿಂಧನೂರು ಬೀಜದಂಗಡಿ

ಗುರುಗಳ ವಿವರಣೆ ಚೆನ್ನಾಗಿದೆ, ಆದರೆ ನನಗೆ ಒಂದು ತಕರಾರಿದೆ. ಕೈ ಎತ್ತಿ ಮತ ಹಾಕಿ ಮರದ ಹೆಸರನ್ನು ತೀರ್ಮಾನಿಸುವುದಾದರೆ ಅದಕ್ಕೂ ಗ್ರಾಮ ಪಂಚಾಯಿತಿಯ ಸಭೆಗೂ ವ್ಯತ್ಯಾಸವೇನು? ಎರಡನೆಯದಾಗಿ, ಇದರಿಂದ ನಮ್ಮಂಥವರಿಗೆ ಆಗುವ ತೊಂದರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಜ್ಜೆಯನ್ನು ನಾನು ಓದುವ ಕಾಲದಲ್ಲಿ ಪೆನ್ನಿಸೆಟಂ ಗ್ಲಾಕಂ ಎಂದು ಕಲಿತಿದ್ದೆ. 2010ರಲ್ಲಿ ಆ ಕುಲವನ್ನೇ ಸೆಂಕ್ರಸ್ ಕುಲದೊಳಗೆ ಸೇರಿಸಿಬಿಟ್ಟರು, ಸಜ್ಜೆ ಈಗ ಸೆಂಕ್ರಸ್ ಅಮೆರಿಕಾನಸ್. ಸಜ್ಜೆ ಹುಟ್ಟಿದ್ದು ಆಫ್ರಿಕಾದ ಸಹೇಲ್ ಸೀಮೆಯಲ್ಲಿ, ಹೆಸರಿನಲ್ಲಿ ಅಮೆರಿಕ! ಕೃಷಿ ವಿಜ್ಞಾನಿಗಳ ಲೇಖನಗಳಲ್ಲಿ ಇಂದಿಗೂ ಹಳೆಯ ಹೆಸರೇ ನಡೆಯುತ್ತಿದೆ, ಸಸ್ಯಶಾಸ್ತ್ರದವರ ಪಟ್ಟಿಗಳಲ್ಲಿ ಹೊಸದಿದೆ. ಒಂದು ರೋಗದ ಬಗ್ಗೆ ಹುಡುಕುವವನು ಎರಡೂ ಹೆಸರು ಹಾಕಿ ಹುಡುಕದಿದ್ದರೆ ಅರ್ಧ ಮಾಹಿತಿ ಕೈತಪ್ಪುತ್ತದೆ.

ಆಡುಮಾತಿನ ಹೆಸರೇ ಸಾಕು ಎಂದು ನಾನೂ ಹೇಳಲಾರೆ, ಏಕೆಂದರೆ ಬೆಂಗಳೂರಿನಿಂದ ಬಂದ ನಮ್ಮ ಬೀಗರೊಬ್ಬರು "ಜೋಳ" ಎಂದದ್ದಕ್ಕೆ ನಾನು ಬಿಳಿಜೋಳದ ಬೀಜ ಕಟ್ಟಿಕೊಟ್ಟೆ, ಅವರು ಕೇಳಿದ್ದು ಮೆಕ್ಕೆಜೋಳವನ್ನು. ಆದರೆ ಮೂವತ್ತು ವರ್ಷಕ್ಕೊಮ್ಮೆ ಬದಲಾಗುವ ಹೆಸರನ್ನು ಸ್ಥಿರವೆಂದು ಮಕ್ಕಳಿಂದ ಬರೆಯಿಸುವುದು ಸರಿಯಲ್ಲ.

ಉತ್ತರ: ನಿವೃತ್ತ ಅಧ್ಯಾಪಕ, ಬಳ್ಳಾರಿ

ಅಂಗಡಿಯವರ ಎರಡನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹೆಸರು ಸ್ಥಿರವೆಂದು ಕಲಿಸುವುದೇ ತಪ್ಪು. ಒಂದು ವರ್ಗೀಕರಣವನ್ನು ಒಪ್ಪಿಕೊಂಡವರಿಗೆ ಅದರಲ್ಲಿ ಒಂದು ಗಿಡಕ್ಕೆ ಒಂದೇ ಸರಿಯಾದ ಹೆಸರಿರುತ್ತದೆ ಎಂದು ಕಲಿಸಬೇಕು.

ಮೊದಲನೆಯ ಮಾತಿನಲ್ಲಿ ಸ್ವಲ್ಪ ತಪ್ಪಿದೆ. ಜಾಲಿಗೂ ಆಸ್ಟ್ರೇಲಿಯಾದ ಮರಕ್ಕೂ ಎಷ್ಟು ನಂಟು ಎಂಬುದನ್ನು ಯಾರೂ ಮತಕ್ಕೆ ಹಾಕಲಿಲ್ಲ, ಹಾಕಲೂ ಬರುವುದಿಲ್ಲ. ಅವು ಬೇರೆ ಕುಲಗಳೆಂಬುದು ಪರೀಕ್ಷೆಯಿಂದ ತಿಳಿದದ್ದು. ಬೇರೆಯಾದ ಮೇಲೆ ಹಳೆಯ ಹೆಸರಿನ ಹಲಗೆಯನ್ನು ಯಾವ ಬಾಗಿಲಿಗೆ ತೂಗುಹಾಕಬೇಕು ಎಂಬುದಷ್ಟೇ ಮತದ ವಿಷಯ. ಸಾಮಾನ್ಯವಾಗಿ ಅದಕ್ಕೂ ಮತ ಬೇಕಾಗುವುದಿಲ್ಲ, ಗೂಟದ ನಿಯಮವೇ ಉತ್ತರ ಹೇಳುತ್ತದೆ. ಜಾಲಿಯದು ಅಪವಾದ. ಪ್ರೊಸೋಪಿಸ್ ಒಡೆದಾಗ ಮತವನ್ನೇನೂ ಹಾಕಲಿಲ್ಲ, ಸಂಶೋಧಕರು ಕಾರಣಗಳೊಂದಿಗೆ ಲೇಖನ ಪ್ರಕಟಿಸಿದರು, ಉಳಿದವರು ಓದಿ ಒಪ್ಪುತ್ತಿದ್ದಾರೆ. ಒಪ್ಪದೆ ಪ್ರೊಸೋಪಿಸ್ ಜೂಲಿಫ್ಲೋರಾ ಎಂದೇ ಬರೆಯುವವರು ಯಾವ ನಿಯಮವನ್ನೂ ಮುರಿದಂತಾಗುವುದಿಲ್ಲ, ಏಕೆಂದರೆ ಆ ಹೆಸರೂ ಕ್ರಮವಾಗಿ ಪ್ರಕಟವಾದದ್ದೇ. ನಾಮಕರಣದ ನಿಯಮಾವಳಿ ಯಾರ ವರ್ಗೀಕರಣ ಸರಿ ಎಂದು ಹೇಳುವುದಿಲ್ಲ.

ಅಮೆರಿಕಾನಸ್ ಬಗ್ಗೆ: ಹೆಸರು ವರ್ಣನೆಯಲ್ಲ, ಗುರುತು. ತಪ್ಪು ಅರ್ಥ ಕೊಡುತ್ತದೆಂಬ ಕಾರಣಕ್ಕೆ ಹೆಸರನ್ನು ಕಿತ್ತುಹಾಕಲು ನಿಯಮಾವಳಿ ಬಿಡುವುದಿಲ್ಲ. ನಿಮ್ಮ ಅಂಗಡಿಯ ನವಣೆಯೂ ಸೆಟೇರಿಯಾ ಇಟಾಲಿಕಾ, ಅದನ್ನು ಬೇಸಾಯಕ್ಕೆ ಪಳಗಿಸಿದ್ದು ಚೀನಾದಲ್ಲಿ. ನಿಂದನೆಯ ಪದಕ್ಕೆ ಮಾತ್ರ ಈಚೆಗೆ ಒಂದು ಬಾಗಿಲು ತೆರೆದಿದೆ. ಆಫ್ರಿಕಾದ ಕಪ್ಪು ಜನರನ್ನು ಹೀಯಾಳಿಸುವ ಕಾಫ್ರಾ ಎಂಬ ಪದ ಇನ್ನೂರಕ್ಕೂ ಹೆಚ್ಚು ಪ್ರಭೇದಗಳ ಹೆಸರಿನಲ್ಲಿತ್ತು, 2024ರ ಮ್ಯಾಡ್ರಿಡ್ ಸಮ್ಮೇಳನ ಅದನ್ನು ಆಫ್ರಾ ಎಂದು ತಿದ್ದಲು ತೀರ್ಮಾನಿಸಿತು.

ಹೆಸರು ಬದಲಾಗುತ್ತಲೇ ಹೋಗುತ್ತದೆಂದು ಭಯಪಡಬೇಕಿಲ್ಲ, ಕೆಲವೊಮ್ಮೆ ಮನೆಗೆ ಮರಳುವುದೂ ಉಂಟು. ಟೊಮೆಟೊವನ್ನು 1753ರಲ್ಲಿ ಲಿನೇಯಸ್ ಬದನೆಯ ಕುಲವಾದ ಸೊಲಾನಂನಲ್ಲಿಟ್ಟರು. ಮಿಲ್ಲರ್ ಅದನ್ನು ಬೇರ್ಪಡಿಸಿ ಲೈಕೊಪರ್ಸಿಕಾನ್ ಎಂಬ ಕುಲಕ್ಕೆ ಸೇರಿಸಿದರು, ನಾವೆಲ್ಲ ಓದಿದ್ದು ಅದನ್ನೇ. ಡಿಎನ್ಎ ಪರೀಕ್ಷೆಯ ನಂತರ ಅದು ಮತ್ತೆ ಸೊಲಾನಂ ಲೈಕೊಪರ್ಸಿಕಂ ಆಗಿದೆ.

ಉತ್ತರ: ಕರಡಿಗುಡ್ಡ, ಸಂಡೂರು

ನಾನು ಗಿಡದವನಲ್ಲ, ದರೋಜಿಯ ಕರಡಿಧಾಮಕ್ಕೆ ಬರುವವರಿಗೆ ಪ್ರಾಣಿಪಕ್ಷಿ ತೋರಿಸುವವನು. ಅಡ್ಡಹೆಸರು ತಪ್ಪುವುದಕ್ಕೆ ನಮ್ಮ ಕರಡಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಇದಕ್ಕೆ ಬ್ರಾಡಿಪಸ್ ಅರ್ಸೈನಸ್ ಎಂದು ಹೆಸರಿಟ್ಟರು. ಬ್ರಾಡಿಪಸ್ ಎಂದರೆ ದಕ್ಷಿಣ ಅಮೆರಿಕದಲ್ಲಿ ಮರಕ್ಕೆ ತಲೆಕೆಳಗಾಗಿ ಜೋತುಬಿದ್ದಿರುವ ಸ್ಲಾತ್ ಎಂಬ ಪ್ರಾಣಿಯ ಕುಲ. ಅವರು ನೋಡಿದ್ದು ಉದ್ದವಾದ ಬಾಗಿದ ಉಗುರುಗಳನ್ನು, ಮೇಲ್ದವಡೆಯ ಮುಂಭಾಗದಲ್ಲಿ ಇಲ್ಲದ ಎರಡು ಹಲ್ಲುಗಳನ್ನು. ಆ ಹಲ್ಲುಗಳು ಇಲ್ಲದಿರುವುದು ಗೆದ್ದಲನ್ನು ಗಾಳಿಯೊಂದಿಗೆ ಹೀರಲು ಅನುಕೂಲವಾಗಲೆಂದೇ ಹೊರತು ಸ್ಲಾತಿನ ನಂಟಿನಿಂದಲ್ಲ. 1793ರಲ್ಲಿ ಮೇಯರ್ ಎಂಬವರು ಮೆಲರ್ಸಸ್ ಎಂಬ ಕುಲವನ್ನು ಸ್ಥಾಪಿಸಿದರು. ಹೆಸರು ಈಗ ಮೆಲರ್ಸಸ್ ಅರ್ಸೈನಸ್. ಮೊದಲ ಪದಕ್ಕೆ ಜೇನುಗರಡಿ ಎಂದೂ ಎರಡನೆಯದಕ್ಕೆ ಕರಡಿಯಂಥದ್ದು ಎಂದೂ ಅರ್ಥ. ಕರಡಿಯನ್ನೇ ಕರಡಿಯಂಥದ್ದು ಎಂದು ಕರೆದಂತಾಯಿತು! ಆದರೂ ತೆಗೆಯುವಂತಿಲ್ಲ. ಇಂಗ್ಲಿಷಿನಲ್ಲಿ ಇಂದಿಗೂ ಇದನ್ನು ಸ್ಲಾತ್ ಬೇರ್ ಎನ್ನುತ್ತಾರೆ. ಸಂಜೆ ಕಲ್ಲಿಗೆ ಸವರಿದ ಬೆಲ್ಲ ನೆಕ್ಕಲು ಗುಡ್ಡ ಇಳಿದು ಬರುವಾಗ ಅದರ ಓಟ ನೋಡಿದವರು ಸೋಮಾರಿ ಎಂದು ಕರೆಯಲಾರರು.

ಪ್ರಾಣಿಗಳ ನಿಯಮಾವಳಿ ಬೇರೆಯೇ ಇದೆ. ಗಿಡಗಳ ಹೆಸರುಗಳನ್ನು 1753ರಲ್ಲಿ ಬಂದ ಲಿನೇಯಸ್ ಪುಸ್ತಕದಿಂದ ಎಣಿಸಿದರೆ ಪ್ರಾಣಿಗಳವನ್ನು 1758ರಿಂದ ಎಣಿಸುತ್ತಾರೆ. ಕುಲಕ್ಕೂ ಪ್ರಭೇದಕ್ಕೂ ಒಂದೇ ಪದ ಬಳಸುವುದನ್ನು ಗಿಡದವರು ಒಪ್ಪುವುದಿಲ್ಲ, ಪ್ರಾಣಿಯವರು ಒಪ್ಪುತ್ತಾರೆ: ನಾಗರಹಾವು ನಾಜಾ ನಾಜಾ. ಎರಡೂ ನಿಯಮಾವಳಿಗಳು ಪರಸ್ಪರ ಸಂಬಂಧವಿಲ್ಲದವಾದ್ದರಿಂದ ಆಲ, ಅರಳಿ, ಅತ್ತಿಗಳ ಕುಲವಾದ ಫೈಕಸ್ ಎಂಬ ಹೆಸರೇ ಒಂದು ಬಗೆಯ ಕಡಲ ಶಂಖದ ಹುಳುವಿನ ಕುಲಕ್ಕೂ ಇದೆ.

ಆವರಣ ಚಿಹ್ನೆಯ ಬಗ್ಗೆ ಯಾರೂ ಹೇಳಲಿಲ್ಲವೆಂದು ಸೇರಿಸುತ್ತೇನೆ. ಕೊಪ್ಪಳದ ಕಡೆ ಹೊಲಕ್ಕೆ ನುಗ್ಗಿ ರೈತರ ನಿದ್ದೆ ಕೆಡಿಸುವ ಚಿಗರಿ ಆಂಟಿಲೋಪ್ ಸರ್ವಿಕಾಪ್ರಾ (ಲಿನೇಯಸ್, 1758). ಲಿನೇಯಸ್ ಅದನ್ನು ಮೇಕೆಯ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಕುಲ ಬದಲಾಯಿತು. ಹಾಗೆ ಬದಲಾದದ್ದನ್ನು ತಿಳಿಸಲೆಂದೇ ಅವರ ಹೆಸರು ಆವರಣದೊಳಗಿದೆ. ಆವರಣವಿಲ್ಲದಿದ್ದರೆ ಹೆಸರಿಟ್ಟವರು ಮೊದಲು ಇಟ್ಟ ಕುಲದಲ್ಲಿಯೇ ಪ್ರಾಣಿ ಇಂದಿಗೂ ಇದೆ ಎಂದರ್ಥ.

ಉತ್ತರ: ರಾಯಚೂರಿನವಳು, ಹಿಂದೆ ಹರ್ಬೇರಿಯಂ ಸಹಾಯಕಿ

ಚೀಟಿಯಲ್ಲಿ ಏನು ಬರೆಯಬೇಕೆಂಬ ಪ್ರಶ್ನೆ ಹಾಗೆಯೇ ಉಳಿದುಬಿಟ್ಟಿದೆ. ಎರಡೂ ಹೆಸರುಗಳನ್ನು ಬರೆಯಿರಿ. ಮೇಲಿನ ಸಾಲಿನಲ್ಲಿ ನೆಲ್ಟೂಮಾ ಜೂಲಿಫ್ಲೋರಾ ಎಂದು ಬರೆದು, ಆವರಣದಲ್ಲಿ ಸ್ವಾರ್ಟ್ಸ್, ಹೊರಗೆ ರಾಫಿನೆಸ್ಕ್ ಅವರ ಸಂಕ್ಷೇಪಗಳನ್ನು ಹಾಕಬೇಕು. ಕೆಳಗಿನ ಸಾಲಿನಲ್ಲಿ ಸಮಾನನಾಮವೆಂದು ಪ್ರೊಸೋಪಿಸ್ ಜೂಲಿಫ್ಲೋರಾ ಎಂದು ಬರೆದು, ಆವರಣದಲ್ಲಿ ಸ್ವಾರ್ಟ್ಸ್, ಹೊರಗೆ ಡಿ ಕಾಂಡೋಲ್ ಅವರ ಸಂಕ್ಷೇಪಗಳನ್ನು ಹಾಕಬೇಕು. ಸಂಡೂರಿನ ಅಣ್ಣನವರು ಹೇಳಿದ ಆವರಣದ ನಿಯಮ ಗಿಡಗಳಿಗೂ ಇದೆ, ವ್ಯತ್ಯಾಸವೆಂದರೆ ನಮ್ಮಲ್ಲಿ ಕುಲ ಬದಲಾಯಿಸಿದವರ ಹೆಸರೂ ಆವರಣದ ಹೊರಗೆ ಬರುತ್ತದೆ. ಓದಲು ಬಲ್ಲವರಿಗೆ ಗಿಡದ ಇತಿಹಾಸವೆಲ್ಲ ಆ ಎರಡು ಸಾಲಿನಲ್ಲಿ ಸಿಗುತ್ತದೆ. ಇಂಗ್ಲಿಷಿನಲ್ಲಿ ಕೈಯಿಂದ ಬರೆಯುವಾ‌ಗ ಕುಲದ ಮೊದಲಕ್ಷರ ದೊಡ್ಡದು, ಪ್ರಭೇದದ್ದು ಚಿಕ್ಕದು, ಎರಡರ ಕೆಳಗೂ ಬೇರೆ ಬೇರೆಯಾಗಿ ಗೆರೆ. ಪರೀಕ್ಷಕರು ಅಂಕ ಕಳೆಯುವುದು ಹೆಚ್ಚಾಗಿ ಆ ಗೆರೆಗೆ. ಕುಟುಂಬಕ್ಕೆ ಲೆಗ್ಯೂಮಿನೋಸೆ ಎಂದರೂ ಫೇಬೇಸಿ ಎಂದರೂ ಸರಿ, ಎರಡೂ ಹೆಸರುಗಳಿಗೆ ನಿಯಮಾವಳಿಯಲ್ಲಿ ಮಾನ್ಯತೆಯಿದೆ. ನಿಮ್ಮ ಪಠ್ಯ 1862ರಿಂದ 1883ರವರೆಗೆ ಪ್ರಕಟವಾದ ಬೆಂಥಮ್ ಮತ್ತು ಹೂಕರ್ ಅವರ ವರ್ಗೀಕರಣ ಪದ್ಧತಿಯಂತಿದ್ದರೆ ಅದನ್ನೂ ಚೀಟಿಯಲ್ಲಿ ಕಾಣಿಸಿ.

ಆದರೆ ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಬೇರೆ. ಹಾಳೆಯಲ್ಲಿ ವೈಜ್ಞಾನಿಕ ಹೆಸರೇ ಎಲ್ಲಕ್ಕಿಂತ ಕಡಿಮೆ ಬೆಲೆಯದು, ಏಕೆಂದರೆ ಅದನ್ನು ಯಾರು ಯಾವಾಗ ಬೇಕಾದರೂ ತಿದ್ದಬಹುದು. ಯಾವ ಊರಿನ ಯಾವ ಹಳ್ಳದ ದಂಡೆ, ಯಾವ ದಿನ, ಎಂಥ ಮಣ್ಣು, ಮರವೋ ಪೊದೆಯೋ, ಹೂವಿನ ಬಣ್ಣವೇನು, ಸ್ಥಳೀಯ ಹೆಸರೇನು, ಸಂಗ್ರಹಿಸಿದವರು ಯಾರು, ಸಂಗ್ರಹದ ಸಂಖ್ಯೆ ಎಷ್ಟು ಎಂಬುದನ್ನು ಇಂದು ನೀವು ಬರೆಯದಿದ್ದರೆ ಮುಂದೆ ಯಾರೂ ಬರೆಯಲಾರರು. ನಾನು ಕೆಲಸ ಮಾಡುತ್ತಿದ್ದಲ್ಲಿ ಒಂದು ಹಾಳೆಯ ಮೇಲೆ ಐದು ಚೀಟಿಗಳಿದ್ದವು. ಹೊಸದಾಗಿ ಗುರುತಿಸಿದವರು ಹಳೆಯ ಚೀಟಿಯನ್ನು ಕೀಳುವಂತಿಲ್ಲ, ಪಕ್ಕದಲ್ಲಿ ತಮ್ಮ ಹೆಸರು ಮತ್ತು ದಿನಾಂಕದೊಂದಿಗೆ ಇನ್ನೊಂದನ್ನು ಅಂಟಿಸಬೇಕು. ಹೆಸರುಗಳು ಐದಾದರೂ ಗಿಡ ಒಂದೇ, ಊರು ಒಂದೇ.

ಇನ್ನೊಂದು ಅನುಮಾನ. ನಿಮ್ಮ ಬನ್ನಿ ನಿಜವಾಗಿಯೂ ಪ್ರೊಸೋಪಿಸ್ ಸಿನರೇರಿಯಾ ಹೌದೇ? ಪುಸ್ತಕದಲ್ಲಿ "ಬನ್ನಿ" ಎಂಬ ಪದ ನೋಡಿ ಹೆಸರು ಬರೆದಿರಬಹುದೆಂದು ಕೇಳುತ್ತಿದ್ದೇನೆ. ಕರ್ನಾಟಕದ ಹಲವು ಕಡೆ ಸೆನೆಗಾಲಿಯಾ ಫೆರುಜಿನಿಯಾ ಎಂಬ ಮರವನ್ನೂ ಬನ್ನಿ ಎನ್ನುತ್ತಾರೆ, ಮಹಾನವಮಿಗೆ ಅದನ್ನೇ ಪೂಜಿಸಿ ಹಂಚುತ್ತಾರೆ. ಹೂವಿದ್ದರೆ ಸುಲಭ: ಪ್ರೊಸೋಪಿಸ್ ಹೂವಿನಲ್ಲಿ ಕೇಸರಗಳು ಹತ್ತೇ, ಸೆನೆಗಾಲಿಯಾದಲ್ಲಿ ಎಣಿಸಲಾರದಷ್ಟು. ಹೂವಿಲ್ಲದಿದ್ದರೆ ಮುಳ್ಳನ್ನೂ ಎಲೆಯನ್ನೂ ನೋಡಿ. ಸಿನರೇರಿಯಾದ ಎಲೆಯಲ್ಲಿ ಕವಲುಗಳು ಒಂದರಿಂದ ಮೂರು ಜೊತೆ ಮಾತ್ರ, ಪ್ರತಿ ಕವಲಿನಲ್ಲಿ ಹತ್ತರ ಆಸುಪಾಸಿನ ಜೊತೆ ಕಿರುಎಲೆಗಳು. ಫೆರುಜಿನಿಯಾದಲ್ಲಿ ಕವಲುಗಳು ನಾಲ್ಕರಿಂದ ಆರು ಜೊತೆ, ಕಿರುಎಲೆಗಳು ಹದಿನೈದು ಜೊತೆಗೂ ಹೆಚ್ಚು, ಮುಳ್ಳುಗಳು ಗೆಣ್ಣಿನ ಬಳಿ ಜೋಡಿಯಾಗಿರುತ್ತವೆ.

ಪ್ರಶ್ನೆ ಕೇಳಿದವರಿಂದ: ಯಲಬುರ್ಗಾ ವಿದ್ಯಾರ್ಥಿನಿ

ಗುರುಗಳಿಗೂ ಅಕ್ಕನವರಿಗೂ ಉಳಿದ ಎಲ್ಲರಿಗೂ ವಂದನೆಗಳು. ಅಕ್ಕನವರು ಊಹಿಸಿದಂತೆಯೇ ನಾನು ಬನ್ನಿಯ ಹೆಸರನ್ನು ಪುಸ್ತಕದ ಕೊನೆಯ ಪಟ್ಟಿಯಿಂದ ತೆಗೆದು ಬರೆದಿದ್ದೆ, ಮುಳ್ಳನ್ನು ನೋಡಿರಲಿಲ್ಲ. ಇಂದು ಬೆಳಿಗ್ಗೆ ಹಾಳೆಯನ್ನೂ ಭೂತಗನ್ನಡಿಯನ್ನೂ ಹಿಡಿದುಕೊಂಡು ಊರ ಹೊರಗಿನ ಬನ್ನಿಕಟ್ಟೆಗೆ ಹೋಗಿದ್ದೆ. ಹೂವಿರಲಿಲ್ಲ. ಕೈಗೆಟುಕಿದ ಏಳು ಎಲೆಗಳನ್ನು ಎಣಿಸಿದೆ: ಕವಲುಗಳು ಐದರಲ್ಲಿ ಐದು ಜೊತೆ, ಎರಡರಲ್ಲಿ ನಾಲ್ಕು ಜೊತೆ, ಕಿರುಎಲೆಗಳು ಎಲ್ಲಿಯೂ ಹದಿನೆಂಟು ಜೊತೆಗೆ ಕಡಿಮೆಯಿಲ್ಲ. ಮುಳ್ಳುಗಳು ಗೆಣ್ಣಿನ ಕೆಳಗೆ ಎರಡೆರಡು, ತುದಿ ಸ್ವಲ್ಪ ಬಾಗಿದೆ. ಗೆಣ್ಣುಗಳ ನಡುವೆ ಒಂದೂ ಸಿಗಲಿಲ್ಲ. ಹೆಸರು ಉಳಿಸಿಕೊಂಡ ಮರವೆಂದು ನಾನು ತಿಳಿದಿದ್ದದ್ದೇ ಬೇರೆ ಮರ. ನಮ್ಮ ಊರ ಬನ್ನಿ ಅಕೇಶಿಯಾ ಕುಲವನ್ನು ಒಡೆದಾಗ ಆ ಹೆಸರು ಕಳೆದುಕೊಂಡವುಗಳಲ್ಲಿ ಒಂದು.

ಚೀಟಿಯನ್ನು ಸೆನೆಗಾಲಿಯಾ ಫೆರುಜಿನಿಯಾ, ಸಮಾನನಾಮ ಅಕೇಶಿಯಾ ಫೆರುಜಿನಿಯಾ, ಸ್ಥಳೀಯ ಹೆಸರು ಬನ್ನಿ ಎಂದು ತಿದ್ದಿ ಬರೆದಿದ್ದೇನೆ. ಹಳೆಯ ಚೀಟಿಯನ್ನು ಕಿತ್ತಿಲ್ಲ, ಅದರ ಪಕ್ಕದಲ್ಲಿಯೇ ಹೊಸದನ್ನು ದಿನಾಂಕ ಹಾಕಿ ಅಂಟಿಸಿದ್ದೇನೆ. ಅಜ್ಜಿಗೆ ಇದು ಪುಸ್ತಕದವರ ಬನ್ನಿಯಲ್ಲ ಎಂದು ಹೇಳಿದೆ. "ಹಂಗಾದ್ರ ಪುಸ್ತಕದಾವ್ರು ಯಾವ ಗಿಡಕ್ಕ ಕೈ ಮುಗೀತಾರಂತ ಕೇಳಿ ಬಾ" ಎಂದಳು. ಸಿನರೇರಿಯಾ ನಮ್ಮ ತಾಲ್ಲೂಕಿನಲ್ಲಿ ಎಲ್ಲಾದರೂ ಕಂಡವರಿದ್ದರೆ ದಯವಿಟ್ಟು ತಿಳಿಸಿ, ಡಿಸೆಂಬರಿನ ನಂತರ ಹೂವು ಬಂದಾಗ ಹೋಗಿ ಕೇಸರ ಎಣಿಸಿ ಬರುತ್ತೇನೆ.